ಪುಟ್ಟ ಮಕ್ಕಳಿಗೆ ಚೆನ್ನೆಮಣೆ ಕಲಿಸುವುದು ಹೇಗೆ?

ತುಳುನಾಡಿನ ಆಟಿ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಚಾವಡಿಯಲ್ಲಿ ಕುಳಿತು ಆಡುತ್ತಿದ್ದ, ಗುಳಿಗಳಿಗೆ ಬೀಜಗಳನ್ನು ಹಂಚುತ್ತಾ ಹೋಗುವ ಮರದ ಮಣೆಯಾಟ ಚೆನ್ನೆಮಣೆ ಇಂದು ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಲ್ಲಿ ಅಟ್ಟ ಸೇರಿದೆ. ಅಂಗನವಾಡಿಗೆ ಹೋಗುವ ನಾಲ್ಕೈದು ವರ್ಷದ ಮಕ್ಕಳಿಗೆ ಎಣಿಕೆ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಆದರೆ ಎರಡು ಸಾಲುಗಳ 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿಗಳ ಪೂರ್ತಿ ಆಟವನ್ನು ಮೊದಲ ದಿನವೇ ಹೇಳಿಕೊಡಬಾರದು.

ಮೊದಲು ಕಾಯಿಗಳನ್ನು ಆರಿಸಿಕೊಳ್ಳಿ. ಪೂರ್ತಿ ಕೆಂಪಾಗಿರುವ ಮಂಜೊಟ್ಟಿ ಬೀಜದ ಬದಲು ಹುಣಸೆ ಬೀಜವೂ ಆಗುತ್ತದೆ. ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಗುಲಗಂಜಿ ವಿಷವಾದ್ದರಿಂದ ಅದನ್ನು ಖಂಡಿತ ಬಳಸಬೇಡಿ. ಕಾಯಿ ಗಂಟಲಲ್ಲಿ ಸಿಲುಕುವ ಅಪಾಯವಿರುವುದರಿಂದ ಮೂರು ವರ್ಷದೊಳಗಿನ ಮಕ್ಕಳನ್ನು ದೂರವಿಡಿ, ಉಳಿದವರ ಪಕ್ಕದಲ್ಲೂ ದೊಡ್ಡವರೊಬ್ಬರು ಕುಳಿತಿರಲಿ. ಆಟಿ ಕಳೆದ ಮೇಲೆ ಮಣೆ ಎತ್ತಿಡುವ ರೂಢಿ ನಿಮ್ಮ ಮನೆಯಲ್ಲಿದ್ದರೆ, ಉಳಿದ ತಿಂಗಳುಗಳಲ್ಲಿ ತೆಂಗಿನ ಗೆರಟೆಗಳನ್ನು ಸಾಲಾಗಿಟ್ಟು ಆಡಿಸಬಹುದು.

ಆರಂಭದ ಕೆಲವು ದಿನ ಮೂರು ಗುಳಿಗಳು ಸಾಕು. ಮಗುವಿನ ಅಂಗೈಗೆ ಮೂರು ಕಾಯಿ ಕೊಟ್ಟು, ಗುಳಿಗೆ ಒಂದರಂತೆ ಹಾಕಲು ಹೇಳಿ. ಇಲ್ಲಿ ಅವಸರ ಬೇಡ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದ ಕಾಯಿ ಜಾರುತ್ತದೆ, ಒಂದೇ ಗುಳಿಗೆ ಎರಡು ಬೀಳುತ್ತವೆ, ಕೊನೆಯ ಗುಳಿ ಬರಿದಾಗಿ ಉಳಿಯುತ್ತದೆ. ಆಗ ನೀವು ಬಾಯಿ ಬಿಡದೆ ಕಾದರೆ, ಮಗು ಬರಿ ಗುಳಿಯನ್ನು ನೋಡಿ, ಹಿಂದಿನ ಗುಳಿಗೆ ಬೆರಳು ಹಾಕಿ ಹೆಚ್ಚಿನದನ್ನು ತಾನೇ ತೆಗೆಯುತ್ತದೆ. ಒಂದು ಗುಳಿಗೆ ಒಂದೇ ಕಾಯಿ ಎಂಬ ಈ ಹೊಂದಾಣಿಕೆ ಕೈಗೆ ಹತ್ತದೆ ಬಾಯಲ್ಲಿ ನೂರರವರೆಗೆ ಹೇಳಿಸಿ ಫಲವಿಲ್ಲ. ಮನೆಮಾತು ತುಳುವಾಗಿದ್ದರೆ 'ಒಂಜಿ, ರಡ್ಡ್, ಮೂಜಿ' ಎಂದೇ ಎಣಿಸಲಿ. ಎಳೆಯ ಮಕ್ಕಳ ಕಲಿಕೆ ಮನೆಮಾತಿನಲ್ಲಿ ನಡೆಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ.

ಇದು ಕರಗತವಾದ ಮೇಲೆ ಎದುರು ಸಾಲನ್ನೂ ಸೇರಿಸಿ, ಆರು ಗುಳಿಗಳ ಸುತ್ತ ಒಂದೇ ದಿಕ್ಕಿನಲ್ಲಿ ಕಾಯಿ ಬಿಡುತ್ತಾ ಹೋಗುವುದನ್ನು ತೋರಿಸಿ. 'ಕೊನೆಯ ಕಾಯಿ ಎಲ್ಲಿ ಬೀಳಬಹುದು?' ಎಂದು ಮೊದಲೇ ಕೇಳಿ. ಮಗು ಗುಳಿಗಳ ಮೇಲೆ ಬೆರಳಾಡಿಸಿ ಲೆಕ್ಕ ಹಾಕುತ್ತದೆ. ಕಾಯಿ ಗೆಲ್ಲುವ ನಿಯಮಗಳು ಮನೆಯಿಂದ ಮನೆಗೆ ಬದಲಾಗುವುದರಿಂದ, ಅವನ್ನು ಅಜ್ಜಿಯರಿಂದಲೇ ಹೇಳಿಸಿ. ಐದು ದಾಟಿದ ಮಕ್ಕಳಿಗೆ ಪೂರ್ತಿ ಮಣೆ ಕೊಡಬಹುದು.

ಆಟ ಮುಗಿದಾಗ ಕಾಯಿಗಳನ್ನು ನಾಲ್ಕು ನಾಲ್ಕಾಗಿ ಗುಳಿಗಳಿಗೆ ತುಂಬುವ ಕೆಲಸ ಮಕ್ಕಳದ್ದೇ ಆಗಿರಲಿ. ಯಾವ ಗುಳಿ ತುಂಬಲಿಲ್ಲವೋ, ಅದರ ಕಾಯಿಯನ್ನು ಚಾಪೆ ಎತ್ತಿ ಹುಡುಕಿದ ಮೇಲೆಯೇ ಎಲ್ಲರೂ ಏಳಲಿ.