ಎಲೆ ಎಣಿಸಿ ಕಲಿತ ಸರ್ಪಗಂಧ

ನಾನು ಮೊದಲ ಸಲ ಬೆಳೆಸಿದ ಸರ್ಪಗಂಧ ಸರ್ಪಗಂಧವೇ ಆಗಿರಲಿಲ್ಲ.

ನರ್ಸರಿಯೊಂದರಿಂದ 25 ಗಿಡ ತಂದು ಅಂಗಳದ ಅಂಚಿಗೆ ನೆಟ್ಟಿದ್ದೆ. ಒಂದೂ ಸಾಯಲಿಲ್ಲ. ವರ್ಷ ತುಂಬುವಷ್ಟರಲ್ಲಿ ಎದೆಮಟ್ಟ ಬಂದವು. ಅಳಿವಿನಂಚಿನ ಔಷಧಿ ಗಿಡ ಅಂತಾರಲ್ಲ, ಇಷ್ಟು ಸುಲಭವಾ ಅಂತ ಒಳಗೊಳಗೇ ಬೀಗಿದೆ. ಒಂದು ದಿನ ನಮ್ಮೂರಿನ ನಾಟಿ ವೈದ್ಯರು ಮನೆಗೆ ಬಂದರು. ಜಗುಲಿಯಲ್ಲಿ ಕವಳ ಹಾಕಿ, ಉಗುಳಲು ಅಂಗಳಕ್ಕೆ ಇಳಿದವರು ಅಲ್ಲೇ ನಿಂತರು.

‘ತಮಾ, ಇದು ಸರ್ಪಗಂಧ ಅಲ್ಲ. ಎಲೆ ಎಣ್ಸು, ನಾಲ್ಕಿದ್ದು.’

ಎಣಿಸಿದೆ. ಪ್ರತಿ ಗೆಣ್ಣಿನಲ್ಲೂ ನಾಲ್ಕು ಎಲೆ. ಎರಡು ದೊಡ್ಡವು, ಎರಡು ಚಿಕ್ಕವು. ಅದು ಅಮೆರಿಕ ಖಂಡದಿಂದ ಬಂದ ದಾಯಾದಿ, ರಾವೊಲ್ಫಿಯಾ ಟೆಟ್ರಾಫಿಲ್ಲಾ. ಹೆಸರಲ್ಲೇ ‘ನಾಲ್ಕೆಲೆ’ ಅಂತ ಇದೆ, ನೋಡುವ ಕಣ್ಣು ಬೇಕಿತ್ತು ಅಷ್ಟೇ. ನಮ್ಮ ಸರ್ಪಗಂಧ ರಾವೊಲ್ಫಿಯಾ ಸರ್ಪೆಂಟಿನಾ. ಅದರಲ್ಲಿ ಸಾಮಾನ್ಯವಾಗಿ ಮೂರು ಎಲೆ ಒಂದೇ ಗೆಣ್ಣಿನಿಂದ ಹೊರಡುತ್ತವೆ. ಆದರೆ ಎಲೆಯೊಂದನ್ನೇ ನಂಬಬೇಡಿ, ಅಪರೂಪಕ್ಕೆ ಇದರಲ್ಲೂ ನಾಲ್ಕು ಬರುತ್ತವೆ. ಹೂವು ಬಂದ ಮೇಲೆ ಸಂಶಯವೇ ಇಲ್ಲ. ತೊಟ್ಟು ಕೆಂಪು, ನಳಿಗೆ ನಸುಗೆಂಪು, ತುದಿಯ ಎಸಳು ಬಿಳಿ. ದೂರಕ್ಕೆ ಕಿಸ್ಕಾರದ ಗೊಂಚಲಿನ ಹಾಗೆ ಕಾಣುತ್ತದೆ. ನಾಲ್ಕೆಲೆಯದಕ್ಕೆ ಬರೋದು ಬಣ್ಣಗೆಟ್ಟ ಪುಟ್ಟ ಬಿಳಿ ಹೂವು. ಎತ್ತರವೂ ಅಷ್ಟೇ: ಸರ್ಪಗಂಧ ಮೊಳಕಾಲಿನಿಂದ ಸೊಂಟದವರೆಗೆ ಬಂದರೆ ಜಾಸ್ತಿ.

ನರ್ಸರಿಯವರು ಬೇಕಂತಲೇ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ಅವರಿಗೂ ಯಾರೋ ಹಾಗೇ ಕೊಟ್ಟಿರಬೇಕು. ಬೇರಿನ ವ್ಯಾಪಾರದಲ್ಲೂ ಇವೆರಡು ಬೆರೆಯುತ್ತವೆ, ಯಾಕೆಂದರೆ ಎರಡರಲ್ಲೂ ರಿಸರ್ಪಿನ್ ಇದೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ಮದ್ದು ಅದು. ಅದಕ್ಕೆ ಮೂರು ವರ್ಷ ಮೊದಲು ಮುಂಬೈನ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಈ ಬೇರು ರಕ್ತದೊತ್ತಡ ಇಳಿಸುತ್ತದೆ ಅಂತ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಅಲ್ಲಿಂದ ಗಿಡಕ್ಕೆ ಗ್ರಹಚಾರ ಸುರುವಾಯಿತು. ಬೆಲೆ ಇರುವುದು ಬೇರಿಗೆ. ಬೇರು ಬೇಕೆಂದರೆ ಗಿಡ ಕೀಳಬೇಕು. ನೆಲ್ಲಿಕಾಯಿ ಕೊಯ್ದ ಹಾಗೆ ಕೊಯ್ದು, ಮುಂದಿನ ವರ್ಷ ಮತ್ತೆ ಬರೋಣ ಅನ್ನುವ ಹಾಗಿಲ್ಲ. ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರದ ಮೇಲೆ ಕಣ್ಣಿಡಲು ದೇಶಗಳು ಮಾಡಿಕೊಂಡ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ 1990ರಿಂದ ಇದು ಇದೆ, ಅಂದರೆ ಹೊರದೇಶದ ವ್ಯಾಪಾರಕ್ಕೆ ಕಡಿವಾಣ ಇದೆ.

ವೈದ್ಯರ ಹಿತ್ತಲಲ್ಲಿ ಅಸಲಿ ಗಿಡ ನಾಲ್ಕಿದ್ದವು. ಗಿಡ ಕೇಳಿದೆ, ಕೊಡಲಿಲ್ಲ. ಹಣ್ಣು ಕೊಟ್ಟರು. ಆಗ ಬೇಜಾರಾಗಿತ್ತು. ಈಗ ನಾನೂ ಗಿಡ ಕೇಳಿದವರಿಗೆ ಹಣ್ಣನ್ನೇ ಕೊಡುತ್ತೇನೆ.

ಬೀಜದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಜನ ಸೋತು ಕೈಬಿಡುವುದು ಇಲ್ಲೇ. ಹಣ್ಣು ಬಟಾಣಿ ಗಾತ್ರ, ಮಾಗಿದಾಗ ನೇರಳೆಗಪ್ಪು. ಗೊಂಚಲೆಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ. ಒಂದು ಕಪ್ಪಾದಾಗ ಪಕ್ಕದ್ದು ಇನ್ನೂ ಹಸಿರು, ಮೇಲೆ ಹೂವೂ ಇರುತ್ತದೆ. ಹಾಗಾಗಿ ಮೂರು ದಿನಕ್ಕೊಮ್ಮೆ ಹೋಗಿ ಕಪ್ಪಾದದ್ದನ್ನಷ್ಟೇ ಬಿಡಿಸಬೇಕು. ತಡ ಮಾಡಿದರೆ ಪಿಕಳಾರ ಹಕ್ಕಿಯ ಪಾಲು. ಬಕೆಟ್ ನೀರಲ್ಲಿ ಹಾಕಿ ಕಿವುಚಿದರೆ ತಿರುಳು ಬಿಡುತ್ತದೆ. ತೇಲಿದ್ದೆಲ್ಲ ಜೊಳ್ಳು, ಚೆಲ್ಲಿ. ಮುಳುಗಿದ್ದನ್ನು ಮಾತ್ರ ನೆರಳಲ್ಲಿ ಆರಿಸಿ.

ಮೊದಲ ವರ್ಷ ನಾನು ಬೀಜವನ್ನು ಡಬ್ಬಿಯಲ್ಲಿಟ್ಟು, ಮುಂದಿನ ಮಳೆಗಾಲಕ್ಕೆ 200 ಬಿತ್ತಿದೆ. ಮೊಳೆತದ್ದು 11. ಬೀಜದ ಸುತ್ತ ಗಟ್ಟಿ ಓಟೆ ಇದೆ, ಜೊತೆಗೆ ಇಟ್ಟಷ್ಟೂ ಬೀಜ ಸತ್ತುಹೋಗುತ್ತದೆ. ಮರುವರ್ಷ ಆರಿಸಿದ ವಾರದೊಳಗೇ ಬಿತ್ತಿದೆ. ಅದಕ್ಕೂ ಮೊದಲು ಮರಳುಕಾಗದದ ಮೇಲೆ ಒಂದೊಂದೇ ಬೀಜ ಉಜ್ಜಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿದೆ. ಈ ಸಲ 200ಕ್ಕೆ 70ರ ಹತ್ತಿರ ಬಂದವು. ಸರ್ಪಗಂಧಕ್ಕೆ ಇದು ಒಳ್ಳೆಯ ಲೆಕ್ಕವೇ. ಮೊದಲ ಮೊಳಕೆಗೆ ನಾಲ್ಕು ವಾರ ಬೇಕಾಯಿತು, ಕೊನೆಯದಕ್ಕೆ ಎರಡೂವರೆ ತಿಂಗಳು. ಏಳಲಿಲ್ಲ ಅಂತ ಮಡಿ ಕೆದಕಬೇಡಿ. ನಾನು ಕೆದಕಿ, ಬಿಳಿ ಮೊಳಕೆ ಮುರಿದು, ತಲೆ ಚಚ್ಚಿಕೊಂಡಿದ್ದೇನೆ.

ಬೇರಿನ ತುಂಡಿನಿಂದಲೂ ಗಿಡ ಆಗುತ್ತದೆ. ಪೆನ್ಸಿಲ್ ದಪ್ಪದ ಬೇರನ್ನು ಒಂದೆರಡು ಇಂಚಿಗೆ ಕತ್ತರಿಸಿ, ಮಳೆ ಹಿಡಿದ ಮೇಲೆ ಅಡ್ಡವಾಗಿ ಹೂತರೆ ತಿಂಗಳಲ್ಲಿ ಚಿಗುರು. ಬೀಜಕ್ಕಿಂತ ಸುಲಭ. ಆದರೂ ನನಗೆ ಆ ದಾರಿ ಅಷ್ಟು ಹಿಡಿಸಲಿಲ್ಲ. ಒಂದು ಬೇರಿನ ಹತ್ತು ತುಂಡು ಅಂದರೆ ಒಂದೇ ಗಿಡ ಹತ್ತು ಕಡೆ ನಿಂತ ಹಾಗೆ. ಮಾರಲು ಬೆಳೆಯುವವರಿಗೆ ಅದು ಸರಿ. ಉಳಿಸಬೇಕು ಅಂತ ಹೊರಟವರಿಗೆ ಬೇರೆ ಬೇರೆ ತಾಯಿ ಗಿಡದ ಬೀಜ ಬೇಕು. ಒಂದು ರೋಗಕ್ಕೆ ಎಲ್ಲ ಒಟ್ಟಿಗೆ ಮಲಗಬಾರದಲ್ವಾ?

ಜಾಗದ ವಿಷಯದಲ್ಲಿ ಒಂದು ಪೆಟ್ಟು ತಿಂದೆ. ನೆರಳಿದೆ, ನೀರಿದೆ ಅಂತ ಅಡಿಕೆ ತೋಟದೊಳಗೆ ಇಪ್ಪತ್ತು ಸಸಿ ಹಾಕಿದೆ. ಆಷಾಢದ ಮಳೆಗೆ ಬೇರು ಕೊಳೆತು ಎಲ್ಲ ಹೋದವು. ಇದಕ್ಕೆ ತೇವ ಬೇಕು, ನಿಂತ ನೀರು ಬೇಡ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಕೆಳ ಇಳಿಜಾರಿನಲ್ಲಿ, ಮತ್ತಿ ಮರಗಳ ಅರೆನೆರಳಲ್ಲಿ ಹಾಕಿದವು ಚೆನ್ನಾಗಿವೆ. ಗುಂಡಿಗೆ ಒಂದು ಬೊಗಸೆ ಹಳೇ ಕೊಟ್ಟಿಗೆ ಗೊಬ್ಬರ, ಮೇಲೆ ದರಕು, ಅಂದರೆ ಉದುರಿದ ಒಣ ಎಲೆ. ಬೇಸಿಗೆಯಲ್ಲಿ ನೀರು ಕೊಡಲಿಲ್ಲ. ಎಲೆ ಪೂರ್ತಿ ಉದುರಿ ಕಡ್ಡಿಯಾದಾಗ ಮುಗೀತು ಅಂದುಕೊಂಡೆ. ಉಗುರಿನಿಂದ ತೊಗಟೆ ಗೀರಿ ನೋಡಿದರೆ ಒಳಗೆ ಹಸಿರು. ಮೊದಲ ಮಳೆಗೆ ಬುಡದಿಂದ ಎದ್ದವು.

ಹುಳುವಿನ ಕಾಟ ಒಂದೇ. ಕಣಗಿಲೆ, ನಂದಿಬಟ್ಟಲು ತಿನ್ನುವ ಬೆರಳುಗಾತ್ರದ ಹಸಿರು ಹುಳು, ತಲೆ ಹತ್ತಿರ ಎರಡು ನೀಲಿ ಕಣ್ಣಿನ ಹಾಗೆ ಬೊಟ್ಟು ಇರುತ್ತದಲ್ಲ, ಅದು. ಒಂದೇ ರಾತ್ರಿಯಲ್ಲಿ ಸಸಿ ಬೋಳಿಸುತ್ತದೆ. ಔಷಧ ಹೊಡೆಯಲು ಮನಸ್ಸಾಗಲಿಲ್ಲ. ಎತ್ತಿ ಹಿತ್ತಲಿನ ನಂದಿಬಟ್ಟಲಿಗೆ ಬಿಡುತ್ತೇನೆ. ಹೂವು ಕಡಿಮೆಯಾಯಿತು ಅಂತ ಮನೆಯಲ್ಲಿ ಬೈಗುಳ ಇದ್ದೇ ಇದೆ.

ಗಿಡ ನೋಡಲು ಬಂದವರು ಎರಡೇ ಪ್ರಶ್ನೆ ಕೇಳುತ್ತಾರೆ. ಕೆಜಿಗೆ ಎಷ್ಟು? ನಮ್ಮ ಮಾವನಿಗೆ ಬಿಪಿ ಇದೆ, ಒಂದು ತುಂಡು ಬೇರು ಕೊಡ್ತೀರಾ? ಎರಡನೆಯದಕ್ಕೆ ಖಡಾಖಂಡಿತ ಇಲ್ಲ ಅನ್ನುತ್ತೇನೆ. ಅಳತೆ ತಪ್ಪಿದರೆ ಒತ್ತಡ ಪಾತಾಳಕ್ಕೆ ಇಳಿಯುತ್ತದೆ, ಮನಸ್ಸೂ ಕುಗ್ಗುತ್ತದೆ. ಡಾಕ್ಟರ ಗುಳಿಗೆಯ ಜೊತೆ ಸೇರಿದರೆ ಇನ್ನೂ ಕಷ್ಟ. ಮೊದಲನೆಯದಕ್ಕೆ ಉತ್ತರ: ಎರಡು, ಮೂರು ವರ್ಷದ ಬೇರು ಮಾರಬಹುದು, ಕಾಡಿನದಲ್ಲ, ನೀವೇ ಬೆಳೆದದ್ದು ಅನ್ನುವ ದಾಖಲೆ ಇಟ್ಟುಕೊಳ್ಳಿ. ನಾನು ಮನೆ ಹತ್ತಿರದ ಮಡಿಯಿಂದ ಸ್ವಲ್ಪ ಕೀಳುತ್ತೇನೆ. ಬೆಟ್ಟದ ಗಿಡ ಮುಟ್ಟುವುದಿಲ್ಲ.

ಬೆಟ್ಟದಲ್ಲಿ ಮೊದಲು ನೆಟ್ಟದ್ದು 40. ಪ್ರತಿಯೊಂದರ ಪಕ್ಕ ಬಿದಿರಿನ ಗೂಟ ಹುಗಿದು ಬಣ್ಣ ಬಳಿದಿದ್ದೆ. ಆ ಚಳಿಗಾಲ ದರಕು ಗುಡಿಸಲು ಬಂದವರು ಗೂಟಗಳನ್ನು ಕಿತ್ತು ಚಹಾ ಕಾಸಿಕೊಂಡರು. ಮುಂದಿನ ಮಳೆಗಾಲ ಕಳೆ ಹೊಡೆಯುವ ಮಷಿನ್ನಿಗೆ ಗಿಡಗಳೂ ಸಿಕ್ಕವು. ಅವರ ತಪ್ಪಲ್ಲ, ಗಿಡ ಯಾವುದು ಅಂತ ನಾನು ತೋರಿಸಿಯೇ ಇರಲಿಲ್ಲ. ಉಳಿದದ್ದು 17. ನಮ್ಮ ಬೆಟ್ಟಗಳಲ್ಲಿ ಸರ್ಪಗಂಧ ಕಡಿಮೆಯಾಗಲು ಬೇರು ಕಳ್ಳರಷ್ಟೇ ಕಾರಣ ಅಲ್ಲ ಅಂತ ಆವತ್ತು ಅನಿಸಿತು. ಪ್ರತಿ ವರ್ಷ ನೆಲ ಕಾಣುವ ಹಾಗೆ ದರಕು ಬಾಚಿದರೆ ಎರಡೆಲೆಯ ಸಸಿ ಎಲ್ಲಿ ಉಳಿದೀತು? ಈಗ ಆ ಇಳಿಜಾರಿನ ಐದು ಗುಂಟೆಯಲ್ಲಿ ದರಕು ತೆಗೆಸುವುದಿಲ್ಲ, ಮಷಿನ್ನೂ ಇಲ್ಲ.

ಹೋದ ಶ್ರಾವಣದಲ್ಲಿ ಅಲ್ಲಿ ಹಣ್ಣು ಬಿಡಿಸಲು ಹೋಗಿದ್ದೆ. ನಾನು ನೆಟ್ಟ ಸಾಲಿಗಿಂತ ಇಪ್ಪತ್ತು ಮಾರು ಆಚೆ, ಮತ್ತಿ ಮರದ ಕೊಂಬೆಯಡಿ, ದರಕಿನ ನಡುವೆ ಗೇಣುದ್ದದ ಸಸಿ ಇತ್ತು. ಪಿಕಳಾರ ಕೂರುವ ಕೊಂಬೆ ಅದು. ಕೂತು ಎಲೆ ಎಣಿಸಿದೆ. ಮೂರು, ಅದರ ಮೇಲೆ ಮತ್ತೆ ಮೂರು. ಸುತ್ತ ನಾಲ್ಕು ಕಲ್ಲು ಇಟ್ಟೆ. ಗೂಟ ಹುಗಿಯಲಿಲ್ಲ.