ತಾತ್ಕಾಲಿಕ ಫೈಲಿಗೆ ಹೆಸರು ನೀವು ಇಡಬೇಡಿ

ಪ್ರೋಗ್ರಾಂ ಬರೆಯುವಾಗ ಒಂದು ತಾತ್ಕಾಲಿಕ ಫೈಲ್ ಬೇಕಾಯಿತು ಅನ್ನಿ. ಮೊದಲು ಹೊಳೆಯುವ ಹೆಸರು ‘ಟೆಂಪ್.ಪಿಡಿಎಫ್’. ಸ್ವಲ್ಪ ಹುಷಾರಿರುವವರು ಅದಕ್ಕೆ ಗಂಟೆ, ನಿಮಿಷ, ಸೆಕೆಂಡ್ ಅಂಟಿಸುತ್ತಾರೆ. ಎರಡೂ ಬೇಡ.

ನಾನು ಮುಂಬೈಯ ಉಡುಪಿ ಹೋಟೆಲ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವವನು. ಮನೆ ಡೊಂಬಿವಲಿಯಲ್ಲಿ, ಗಿರಾಕಿಗಳು ಜಾಸ್ತಿ ಮಾಟುಂಗಾ, ಚೆಂಬೂರು ಕಡೆ. ಮಾಟುಂಗಾದ ಒಂದು ಹೋಟೆಲ್‌ನಲ್ಲಿ ಮೊದಲಿದ್ದ ಪ್ರೋಗ್ರಾಂ ಬಿಲ್ಲಿನ ತಾತ್ಕಾಲಿಕ ಫೈಲಿಗೆ ಸೆಕೆಂಡ್ ಲೆಕ್ಕದ ಹೆಸರನ್ನೇ ಇಡುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಗಲ್ಲಾದಲ್ಲಿ ಒಂದು ಬಿಲ್, ಪಾರ್ಸೆಲ್ ಕೌಂಟರ್‌ನಲ್ಲಿ ಇನ್ನೊಂದು, ಒಂದೇ ಸೆಕೆಂಡಿಗೆ. ಎರಡಕ್ಕೂ ಒಂದೇ ಫೈಲ್. ಮಸಾಲೆ ದೋಸೆ ತಿಂದು ಎದ್ದವರ ಕೈಗೆ ಇಪ್ಪತ್ತು ಪ್ಲೇಟ್ ಇಡ್ಲಿಯ ಬಿಲ್ ಬಂತು. ‘ಎಂತ ಮಾರಾಯ, ಈ ಕಂಪ್ಯೂಟರಿಗೆ ತಲೆ ಸರಿ ಉಂಟಾ?’ ಅಂತ ಸೇಟ್ ನನ್ನನ್ನು ಕರೆಸಿದರು. ಹಾಗೆ ಆ ಕೆಲಸ ನನಗೆ ಸಿಕ್ಕಿತು.

ಹೆಸರಿಗೆ ಪ್ರೊಸೆಸ್ ನಂಬರ್, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ ಸಿಸ್ಟಂ ಕೊಡುವ ನಂಬರ್, ಸೇರಿಸಿದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಅಲ್ಲಿ ಎರಡೂ ಕೌಂಟರ್‌ಗಳ ಕೆಲಸ ಮಾಡುತ್ತಿದ್ದದ್ದು ಸರ್ವರ್‌ನ ಒಂದೇ ಪ್ರೊಸೆಸ್, ಅದರೊಳಗೆ ಒಟ್ಟೊಟ್ಟಿಗೆ ಓಡುವ ಎರಡು ಎಳೆ, ಅಂದರೆ ಥ್ರೆಡ್. ನಂಬರ್ ಎರಡಕ್ಕೂ ಒಂದೇ.

ಆ ಹೆಸರಿನ ಫೈಲ್ ಇದೆಯಾ ಅಂತ ಮೊದಲು ನೋಡಿ, ಇಲ್ಲದಿದ್ದರೆ ತೆರೆಯುವುದು ಇನ್ನೊಂದು ದಾರಿ. ಇದು ನೋಡಲು ಸರಿ ಅನ್ನಿಸುತ್ತದೆ, ಅದಕ್ಕೇ ಜಾಸ್ತಿ ಅಪಾಯ. ಲೋಕಲ್ ರೈಲಿನಲ್ಲಿ ಸೀಟ್ ಖಾಲಿ ಕಾಣುವುದೇ ಬೇರೆ, ಅದರಲ್ಲಿ ಕೂತುಕೊಳ್ಳುವುದೇ ಬೇರೆ. ದಾದರ್‌ನಲ್ಲಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೋಡಿದ್ದಕ್ಕೂ ತೆರೆದದ್ದಕ್ಕೂ ನಡುವಿನ ಆ ಚೂರು ಹೊತ್ತಿನಲ್ಲಿ ಇನ್ನೊಂದು ಥ್ರೆಡ್ ಅದೇ ಹೆಸರಿನಲ್ಲಿ ಫೈಲ್ ಮಾಡಿಬಿಡಬಹುದು. ಎಲ್ಲರೂ ಬಳಸುವ ಟಿಎಂಪಿ ಫೋಲ್ಡರ್ ಆದರೆ ಕಿಡಿಗೇಡಿಗಳಿಗೂ ಅವಕಾಶ. ನಿಮ್ಮ ಹೆಸರನ್ನು ಊಹಿಸಿ, ಆ ಹೆಸರಿನಲ್ಲಿ ಬೇರೆ ಫೈಲಿಗೆ ಸಿಮ್‌ಲಿಂಕ್ (ಆ ಫೈಲಿನತ್ತ ಕೈತೋರಿಸುವ ಕೊಂಡಿ) ಇಟ್ಟರೆ, ನಿಮ್ಮ ಪ್ರೋಗ್ರಾಂ ತಾನೇ ಹೋಗಿ ಆ ಫೈಲನ್ನು ಹಾಳು ಮಾಡುತ್ತದೆ. ಇದನ್ನು ತಡೆಯುವ ಸೆಟ್ಟಿಂಗ್ ಈಗಿನ ಲಿನಕ್ಸ್‌ನಲ್ಲಿ ಇದೆ. ಆದರೂ ಅದನ್ನೇ ನಂಬಿ ಕೂರಬಾರದು.

ಸರಿಯಾದ ದಾರಿ ಹೀಗೆ. ಹೆಸರು ಆರಿಸುವುದು, ಫೈಲ್ ಹುಟ್ಟಿಸುವುದು ಎರಡನ್ನೂ ಒಂದೇ ಫಂಕ್ಷನ್ನಿಗೆ ಬಿಡಿ. ಸಿ ಭಾಷೆಯಲ್ಲಿ ಅದು ಎಂಕೆಎಸ್‌ಟೆಂಪ್. ಹೆಸರಿನ ಕೊನೆಗೆ ಆರು ದೊಡ್ಡ ಎಕ್ಸ್ ಬರೆದು ಕೊಟ್ಟರೆ ಅವುಗಳ ಜಾಗಕ್ಕೆ ಬೇರೆ ಅಕ್ಷರ ತುಂಬುತ್ತದೆ. ಆಮೇಲೆ ‘ಈ ಹೆಸರು ಮೊದಲೇ ಇದ್ದರೆ ಬೇಡ, ಇಲ್ಲದಿದ್ದರೆ ಈಗಲೇ ಮಾಡು’ ಅಂತ ಆಪರೇಟಿಂಗ್ ಸಿಸ್ಟಂಗೆ ಒಂದೇ ಏಟಿಗೆ ಹೇಳುತ್ತದೆ. ಪೈಥಾನ್‌ನಲ್ಲಿ ಟೆಂಪ್‌ಫೈಲ್ ಮಾಡ್ಯೂಲ್ ಇದೆ, ಶೆಲ್ ಸ್ಕ್ರಿಪ್ಟ್‌ನಲ್ಲಿ ಎಂಕೆಟೆಂಪ್ ಕಮಾಂಡ್. ಇಲ್ಲೊಂದು ಎಚ್ಚರಿಕೆ: ಪೈಥಾನ್‌ನಲ್ಲೂ ಎಂಕೆಟೆಂಪ್ ಅನ್ನುವ ಫಂಕ್ಷನ್ ಇದೆ, ಆದರೆ ಅದು ಬರೀ ಹೆಸರು ಕೊಡುತ್ತದೆ, ಫೈಲ್ ಮಾಡುವುದಿಲ್ಲ. 2.3ನೇ ಆವೃತ್ತಿಯಿಂದಲೇ ಅದನ್ನು ಬಳಸಬೇಡಿ ಅನ್ನುತ್ತಿದ್ದಾರೆ. ಅಲ್ಲೂ ನಡುವೆ ಎಸ್ ಇರುವ ಎಂಕೆಎಸ್‌ಟೆಂಪನ್ನೇ ಬಳಸಿ.

ಹಾಗಾದರೆ ನಿಮ್ಮ ಪಾಲಿಗೆ ಉಳಿಯುವುದು ಹೆಸರಿನ ಮುಂದಿನ ತುಂಡು ಮತ್ತು ಹಿಂದಿನ ತುಂಡು. ಹಿಂದಿನದು ‘.ಪಿಡಿಎಫ್’ ಥರದ್ದು. ಪೈಥಾನ್‌ನಲ್ಲಿ ಆ ಚುಕ್ಕೆಯನ್ನು ನೀವೇ ಹಾಕಬೇಕು. ಮುಂದಿನ ತುಂಡು ಇರುವುದು ಮುಂದೆಂದಾದರೂ ಡಿಸ್ಕ್ ತುಂಬಿದಾಗ ಬಂದು ನೋಡುವ ಮನುಷ್ಯನಿಗಾಗಿ. ‘ಹೋಟೆಲ್-ಬಿಲ್-’ ಅಂತಿದ್ದರೆ ಯಾರ ಫೈಲ್ ಅಂತ ತಕ್ಷಣ ತಿಳಿಯುತ್ತದೆ. ಗಿರಾಕಿಯ ಫೋನ್ ನಂಬರ್ ಮಾತ್ರ ಹಾಕಬೇಡಿ. ಫೈಲ್ ಒಳಗೇನಿದೆ ಅಂತ ಬೇರೆಯವರಿಗೆ ಓದಲು ಬಾರದಿದ್ದರೂ ಟಿಎಂಪಿಯಲ್ಲಿ ಹೆಸರು ಎಲ್ಲರಿಗೂ ಕಾಣುತ್ತದೆ. ಹೆಸರು ಕನ್ನಡದಲ್ಲೂ ಇಡಬಹುದು, ಆದರೆ ಉದ್ದ ನೋಡಿಕೊಳ್ಳಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್ ಮಾಡಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್, ಕಾಗುಣಿತದ ಗುರುತಿಗೂ ಬೇರೆಯಾಗಿ ಮೂರು. ‘ಮಾಟುಂಗಾ’ ನೋಡಲು ಮೂರಕ್ಷರ, ತಿನ್ನುವುದು 21 ಬೈಟ್.

ಯಾವ ಫೋಲ್ಡರ್? ಬರೀ ಲೆಕ್ಕಾಚಾರದ ನಡುವಿನ ಫೈಲ್ ಆದರೆ ಸಿಸ್ಟಂ ಕೊಟ್ಟಲ್ಲೇ ಇರಲಿ. ಪೈಥಾನ್ ಮೊದಲು ಟಿಎಂಪಿಡಿಐಆರ್, ಆಮೇಲೆ ಟೆಂಪ್, ಆಮೇಲೆ ಟಿಎಂಪಿ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ (ಸಿಸ್ಟಂ ಪ್ರೋಗ್ರಾಂಗೆ ಕೊಡುವ ಸೆಟ್ಟಿಂಗ್) ನೋಡುತ್ತದೆ. ಕೆಲವು ಲಿನಕ್ಸ್‌ಗಳಲ್ಲಿ ಟಿಎಂಪಿ ಫೋಲ್ಡರ್ ಇರುವುದೇ ರ‍್ಯಾಮ್‌ನಲ್ಲಿ. ಹಳೇ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡ ಹೋಟೆಲ್‌ನಲ್ಲಿ ವರ್ಷದ ಲೆಕ್ಕವನ್ನೆಲ್ಲ ಅಲ್ಲಿ ಸುರಿಯಬೇಡಿ.

ಆದರೆ ದಿನದ ವಹಿವಾಟಿನ ಫೈಲನ್ನು ಹೊಸದಾಗಿ ಬರೆಯುವಾಗ ತಾತ್ಕಾಲಿಕ ಫೈಲ್ ಅದರ ಪಕ್ಕದಲ್ಲೇ, ಅದೇ ಫೋಲ್ಡರ್‌ನಲ್ಲಿ ಇರಬೇಕು. ಪೂರ್ತಿ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದನ್ನು ಡಿಸ್ಕಿಗೆ ಮುಟ್ಟಿಸಿ), ಆಮೇಲೆ ಪೈಥಾನ್‌ನ ಓಎಸ್.ರಿಪ್ಲೇಸ್‌ನಿಂದ ಹಳೆಯದರ ಜಾಗಕ್ಕೆ ತನ್ನಿ. ಜುಲೈ ಮಳೆಗೆ ನಡುವೆ ಕರೆಂಟ್ ಹೋದರೆ ಹಳೆಯದಾದರೂ ಇರುತ್ತದೆ, ಇಲ್ಲ ಹೊಸದು. ಅರೆಬರೆ ಫೈಲ್ ಉಳಿಯುವುದಿಲ್ಲ. ಟಿಎಂಪಿ ಬೇರೆ ಫೈಲ್‌ಸಿಸ್ಟಂನಲ್ಲಿದ್ದರೆ ಈ ಬದಲಾವಣೆ ಆಗುವುದೇ ಇಲ್ಲ, ಎರರ್ ಬರುತ್ತದೆ. ಇನ್ನೊಂದು: ಎಂಕೆಎಸ್‌ಟೆಂಪ್ ಮಾಡಿದ ಫೈಲಿನ ಅನುಮತಿ 600, ಅಂದರೆ ಮಾಲೀಕ ಬಿಟ್ಟರೆ ಯಾರೂ ಓದುವಂತಿಲ್ಲ. ಜಾಗ ಬದಲಿಸಿದ ಮೇಲೂ ಅದೇ ಅನುಮತಿ. ಲೆಕ್ಕ ಬರೆಯುವವರು ಬೇರೆ ಲಾಗಿನ್‌ನಿಂದ ಬಂದು ‘ಫೈಲ್ ಓಪನ್ ಆಗ್ತಾ ಇಲ್ಲ’ ಅನ್ನುವುದಕ್ಕೆ ಮೊದಲೇ ಅನುಮತಿ ಬದಲಿಸುವ ಚ್‌ಮೋಡ್‌ನಿಂದ ಅದನ್ನು ಸರಿಪಡಿಸಿ.

ಅಳಿಸುವ ಕೆಲಸ ಯಾರದ್ದು ಅಂತ ಫೈಲ್ ಮಾಡುವ ಸಾಲಿನಲ್ಲೇ ತೀರ್ಮಾನವಾಗಬೇಕು. ಪೈಥಾನ್‌ನಲ್ಲಿ ‘ವಿತ್’ ಬ್ಲಾಕ್ ಒಳಗೆ ನೇಮ್ಡ್‌ಟೆಂಪರರಿಫೈಲ್ ಬಳಸಿದರೆ ಬ್ಲಾಕ್ ಮುಗಿದಾಗ ತಾನಾಗಿ ಅಳಿಯುತ್ತದೆ. ಎಂಕೆಎಸ್‌ಟೆಂಪ್ ಆದರೆ ಮುಚ್ಚುವುದು, ಅಳಿಸುವುದು ಎರಡೂ ನಿಮ್ಮದೇ. ವಿಂಡೋಸ್‌ನ ಕೌಂಟರ್‌ನಲ್ಲಿ ಸ್ವಲ್ಪ ತಕರಾರಿದೆ: ನೀವು ತೆರೆದಿಟ್ಟ ಆ ಫೈಲನ್ನು ಪ್ರಿಂಟ್ ಮಾಡುವ ಪ್ರೋಗ್ರಾಂ ಹೆಸರಿನಿಂದ ತೆರೆಯಲು ಹೋದರೆ ಆಗುವುದಿಲ್ಲ. ಪೈಥಾನ್ 3.12ರಿಂದ ‘ಡಿಲೀಟ್_ಆನ್_ಕ್ಲೋಸ್’ ಅನ್ನು ಫಾಲ್ಸ್ ಮಾಡಿ, ಫೈಲ್ ಮುಚ್ಚಿ, ಪ್ರಿಂಟಿಗೆ ಕೊಡಬಹುದು. ವಿತ್ ಮುಗಿದಾಗ ಅಳಿಯುತ್ತದೆ. ಶೆಲ್‌ನಲ್ಲಿ ಎಂಕೆಟೆಂಪ್ ಆದ ಮರುಸಾಲಿನಲ್ಲೇ, ಸ್ಕ್ರಿಪ್ಟ್ ಮುಗಿಯುವಾಗ ಫೈಲ್ ಅಳಿಸು ಅನ್ನುವ ಟ್ರ್ಯಾಪ್ ಬರೆದುಬಿಡಿ. ಇಷ್ಟಾದರೂ ಕಿಲ್ -9 (ಬಲವಂತವಾಗಿ ನಿಲ್ಲಿಸುವ ಕಮಾಂಡ್) ಬಿದ್ದ ಪ್ರೋಗ್ರಾಂ ಏನನ್ನೂ ಅಳಿಸದೆ ಸಾಯುತ್ತದೆ. ಅದಕ್ಕೆ ನಾನು ದಿನಾ ಹೋಟೆಲ್ ಬಾಗಿಲು ಹಾಕಿದ ಮೇಲೆ ಒಂದು ಕ್ರಾನ್, ಅಂದರೆ ಹೇಳಿದ ಹೊತ್ತಿಗೆ ತಾನಾಗಿ ಓಡುವ ಕೆಲಸ, ಓಡಿಸುತ್ತೇನೆ. ‘ಹೋಟೆಲ್-ಬಿಲ್-’ ಅಂತ ಶುರುವಾಗುವ, ಒಂದು ದಿನಕ್ಕಿಂತ ಹಳೆಯ ಫೈಲ್‌ಗಳನ್ನು ಮಾತ್ರ ಅದು ಗುಡಿಸುತ್ತದೆ.