ಹಿತ್ತಲ ಬಾರ್ಬೆಕ್ಯೂ ಒಲೆಯಲ್ಲಿ ಇದ್ದಿಲು ಆರುತ್ತಿತ್ತು: ಸರಿಮಾಡಿದ್ದು ಹೀಗೆ

ಹಿತ್ತಲಲ್ಲಿ ಇಟ್ಟಿಗೆಯ ಬಾರ್ಬೆಕ್ಯೂ ಒಲೆ ಕಟ್ಟಿಸಿದ್ದೆ. ಇದ್ದಿಲು ಚೆನ್ನಾಗಿಯೇ ಹತ್ತಿಕೊಳ್ಳುತ್ತಿತ್ತು. ಕಾಲು ಗಂಟೆಗೆಲ್ಲ ಮಂಕಾಗಿ ಬರೀ ಹೊಗೆ. ಕೋಳಿ ತೊಡೆ ಹೊರಗೆ ಕಪ್ಪು, ಮೂಳೆ ಹತ್ತಿರ ಹಸಿ.

ಅಂಗಡಿ ಬದಲಿಸಿದೆ, ಇದ್ದಿಲನ್ನು ಬಿಸಿಲಿಗೆ ಒಣಗಿಸಿದೆ. ಪ್ರಯೋಜನವಾಗಲಿಲ್ಲ. ಟೇಬಲ್ ಫ್ಯಾನ್ ಇಟ್ಟರೆ ಬೂದಿ ಹಾರಿ ಮಾಂಸಕ್ಕೇ ಮೆತ್ತಿತು. ಸೀಮೆಎಣ್ಣೆಯಂತೂ ಬೇಡವೇ ಬೇಡ. ವಾಸನೆ ಹೋಗಲ್ಲ, ಅಪಾಯ ಬೇರೆ.

ತಪ್ಪಿದ್ದದ್ದು ತಳದಲ್ಲಿ. ಇದ್ದಿಲು ನೇರ ನೆಲದ ಮೇಲೆ ಕೂತಿತ್ತು. ಉರಿದಂತೆಲ್ಲ ಬೂದಿ ಅದನ್ನೇ ಮುಚ್ಚುತ್ತಿತ್ತು, ಕೆಳಗಿನಿಂದ ಗಾಳಿಗೆ ದಾರಿಯೇ ಇರಲಿಲ್ಲ. ಹಳೇ ಇದ್ದಿಲೊಲೆಗೆ ನಡುವೆ ಕಂಬಿ, ಕೆಳಗೆ ಬಾಯಿ ಇರುತ್ತಿತ್ತಲ್ವಾ, ಅದನ್ನೇ ನಾವು ಮರೆತಿದ್ದೆವು.

ಮುಂದಿನ ಕೆಳಸಾಲಿನಲ್ಲಿ ಎರಡು ಇಟ್ಟಿಗೆ ಕಿತ್ತೆ. ನೆಲದಿಂದ 4 ಇಂಚು ಮೇಲೆ ಕಬ್ಬಿಣದ ಕಂಬಿಗಳನ್ನು ಅರ್ಧ ಇಂಚು ಸಂದು ಬಿಟ್ಟು ಕೂರಿಸಿದೆ. ಗ್ಯಾಲ್ವನೈಸ್ ಜಾಲರಿ ಬೇಡ, ಕಾದರೆ ಸತುವಿನ ವಿಷಹೊಗೆ ಬರುತ್ತದೆ. ಮಾಂಸದ ಜಾಲರಿ ಕೆಂಡದಿಂದ 6 ಇಂಚು ಮೇಲಿರಲಿ.

ಇದ್ದಿಲು ಗುಡ್ಡೆ ಮಾಡಿ ಹತ್ತಿಸಿ. ಮೇಲೆ ಬಿಳಿ ಬೂದಿ ಕೂರುವ ತನಕ, ನನಗೆ 25 ನಿಮಿಷ, ಸುಮ್ನೆ ಕಾಯಿರಿ. ಆಮೇಲೆ ಕೆಂಡವನ್ನೆಲ್ಲ ಒಂದೇ ಬದಿಗೆ ತಳ್ಳಿ. ಕೋಳಿಯನ್ನು ಮೊದಲು ಕೆಂಡವಿಲ್ಲದ ಕಡೆ ಇಟ್ಟು, ಹಳೇ ಬೋಗುಣಿ ಬೋರಲು ಹಾಕಿ 35 ನಿಮಿಷ ಬಿಡಿ. ಕೊನೆಗೆ ಕೆಂಡದ ಮೇಲೆ ಒಂದೊಂದು ಮಗ್ಗುಲು 2 ನಿಮಿಷ. ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು.

ಉರಿ ಜಾಸ್ತಿಯಾದರೆ ಒಲೆಬಾಯಿಗೆ ಕಿತ್ತಿಟ್ಟ ಇಟ್ಟಿಗೆಯನ್ನೇ ಅಡ್ಡ ಇಡಿ.